ಅರ್ಧ ಕಿಲೋ ಸಾಕು ಅಂದಿದ್ದಳು ಅಕ್ಕ

ಇಬ್ಬರು ಮಕ್ಕಳನ್ನು ಒಂದು ವಾರ ನೋಡಿಕೊಳ್ಳುವುದರಲ್ಲಿ ಮಹಾ ಏನಿದೆ? ಇದು ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ನಾನು ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಅಡುಗೆಯವನು. ಓದಿದ್ದು ಏಳನೆಯ ತರಗತಿಯವರೆಗೆ. ಏಳನೆಯದನ್ನು ನಾನು ಮುಗಿಸಿದೆನೋ, ಅದೇ ನನ್ನನ್ನು ಮುಗಿಸಿತೋ ಸರಿಯಾಗಿ ನೆನಪಿಲ್ಲ. ಆದರೆ ಬೆಳಗಿನ ಲೋಕಲ್ ಹಿಡಿಯುವ ಆತುರದಲ್ಲಿ ಇಡ್ಲಿಗಾಗಿ ಕೂಗಾಡುವ ಗಿರಾಕಿಗಳನ್ನು ಇಷ್ಟು ವರ್ಷ ಸುಧಾರಿಸಿದ್ದೇನೆ. ಅಂಥವನಿಗೆ ಅಕ್ಕನ ಮಕ್ಕಳಿಬ್ಬರು ಯಾವ ಲೆಕ್ಕ!

“ಚಿಂತೆ ಮಾಡಬೇಡ ಅಕ್ಕ. ನಾನಿದ್ದೇನಲ್ಲ” ಎಂದೆ.

“ಅದೇ ಚಿಂತೆ” ಎಂದಳು ಅಕ್ಕ.

ಅಕ್ಕ ಸುಮತಿ ಇರುವುದು ಠಾಕುರ್ಲಿ ಸ್ಟೇಷನ್ನಿನ ಬದಿಯ ಹಳೆಯ ಕಟ್ಟಡದಲ್ಲಿ. ಕೆಲಸ ಠಾಣೆಯ ಒಂದು ಆಫೀಸಿನಲ್ಲಿ. ಭಾವ ನವಿ ಮುಂಬಯಿಯಲ್ಲಿ ಒಂದು ಕ್ಯಾಂಟೀನ್ ನೋಡಿಕೊಳ್ಳುತ್ತಾರೆ. ಮಕ್ಕಳು ಏಳುವ ಮೊದಲು ಹೋಗಿ, ಮಲಗಿದ ಮೇಲೆ ಬರುವವರು. ಏಪ್ರಿಲ್ ಹುಟ್ಟಿದ್ದೇ ತಡ ಮಕ್ಕಳಿಗೆ ರಜೆ ಸಿಕ್ಕಿತು. ಅಕ್ಕನಿಗೆ ಸಿಗಲು ಇನ್ನೂ ಒಂದು ವಾರವಿತ್ತು. ಮೊದಲಾದರೆ ಈ ಹೊತ್ತಿಗೆ ನಮ್ಮ ಅಮ್ಮ ಕುಂದಾಪುರದಿಂದ ರೈಲಿನಲ್ಲಿ ಬಂದಿಳಿದು, ಮೊಮ್ಮಕ್ಕಳನ್ನು ಕಟ್ಟಿಕೊಂಡು ಟೆರೇಸಿನ ಮೇಲೆ ಸಂಡಿಗೆ ಹಾಕುತ್ತಿದ್ದಳು. ಅಮ್ಮ ಇಲ್ಲದ ಎರಡನೆಯ ಬೇಸಿಗೆ ಇದು.

ಅಮ್ಮ ಇಲ್ಲದ ಮೊದಲನೆಯ ಬೇಸಿಗೆಯ ವಿಷಯವನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಆಗ ಮಕ್ಕಳು ಸಪ್ಪೆಯಾಗಿದ್ದರು. ನಾನು ಎದೆ ತಟ್ಟಿ, “ಭಾನುವಾರ ನಿಮ್ಮನ್ನು ಖಾಡಿಯ ಹಿನ್ನೀರಿಗೆ ಕರೆದುಕೊಂಡು ಹೋಗ್ತೇನೆ. ಅಲ್ಲಿ ದೋಣಿ ಉಂಟು, ಬೆಳ್ಳಕ್ಕಿ ಉಂಟು, ಏಡಿ ಉಂಟು. ಸ್ಟೇಷನ್ ಬ್ರಿಜ್ ಹತ್ತಿರ ನಿಂತಿರಿ” ಎಂದಿದ್ದೆ. ಅವರು ನಿಂತರು. ಟೊಪ್ಪಿ ಹಾಕಿಕೊಂಡು, ನೀರಿನ ಬಾಟಲಿ ಕುತ್ತಿಗೆಗೆ ನೇತುಹಾಕಿಕೊಂಡು, ಏಡಿ ಹಾಕಲು ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು ಮಧ್ಯಾಹ್ನದವರೆಗೆ ನಿಂತರು. ನಾನು ಹಿಂದಿನ ದಿನದ ಮದುವೆ ಅಡುಗೆ ಮುಗಿಸಿ ಬಂದವನು ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ!

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆರು ವರ್ಷದ ಚಿನ್ನು ಒಂದು ಕುಲ್ಫಿಗೆ ಕ್ಷಮಿಸಿಬಿಟ್ಟ. ಆದರೆ ಅವನ ಅಕ್ಕ ಶ್ರಾವ್ಯಾಳಿಗೆ ಹತ್ತು ತುಂಬಿತ್ತು. ಆ ವಯಸ್ಸಿನಲ್ಲಿ ಕುಲ್ಫಿಯ ಬೆಲೆ ಇಳಿದಿರುತ್ತದೆ, ಮಾತಿನ ಬೆಲೆ ಏರಿರುತ್ತದೆ. ಅಂದಿನಿಂದ ಅವಳು ನನ್ನನ್ನು ‘ಮಾಮ’ ಎಂದು ಕರೆಯುವುದನ್ನು ನಿಲ್ಲಿಸಿದಳು. ನನ್ನೊಂದಿಗೆ ಮಾತೂ ನಿಂತಿತು. ಏನಾದರೂ ಹೇಳಲೇಬೇಕಾದರೆ ತಮ್ಮನ ಮೂಲಕ, ಅದೂ ಹಿಂದಿಯಲ್ಲಿ. ಅದರಲ್ಲಿ ನನ್ನ ಹುದ್ದೆ ‘ಮಮ್ಮೀ ಕಾ ಭಾಯಿ’, ಬರೀ ಅಮ್ಮನ ತಮ್ಮ!

ಆದ್ದರಿಂದ ಈ ಒಂದು ವಾರ ನನಗೆ ಬರೀ ಮಕ್ಕಳನ್ನು ಕಾಯುವ ಕೆಲಸವಾಗಿರಲಿಲ್ಲ. ಕಳೆದುಹೋದ ‘ಮಾಮ’ ಪದವಿಯನ್ನು ಮರಳಿ ಪಡೆಯುವ ಮಹಾ ಅಭಿಯಾನವಾಗಿತ್ತು. ಧಣಿಗಳ ಕೈಕಾಲು ಹಿಡಿದು ಹೋಟೆಲಿಗೆ ರಜೆ ಹಾಕಿದೆ.

ನನ್ನ ಹೆಂಡತಿ ವಿನೋದಾ ಮಾತ್ರ ಹೊರಡುವಾಗಲೇ ಎಚ್ಚರಿಕೆ ಕೊಟ್ಟಳು. “ಮಕ್ಕಳನ್ನು ಆಡಿಸಿ, ಕಥೆ ಹೇಳಿ, ಬೇಕಾದ್ರೆ ಕುದುರೆ ಆಗಿ. ಅಡುಗೆಮನೆಗೆ ಮಾತ್ರ ಹೋಗಬೇಡಿ.”

“ಯಾಕೆ? ನಾನು ಅಡುಗೆಯವನು!”

“ಅದಕ್ಕೇ ಹೇಳಿದ್ದು. ನಮ್ಮಿಬ್ಬರಿಗೆ ಅಂತ ನೀವು ಸಾರು ಮಾಡಿದ್ದು ನೆನಪುಂಟಾ? ಮಾಳಿಗೆಯ ಎಲ್ಲ ಮನೆಗೂ ಹಂಚಿ, ಉಳಿದದ್ದರಲ್ಲಿ ನಾನು ಬಕೆಟ್ ತೊಳೆದೆ.”

ಇದು ಉತ್ಪ್ರೇಕ್ಷೆ. ಬಕೆಟ್ ತೊಳೆದದ್ದು ನಿಜ, ಆದರೆ ಸಾರಿನಲ್ಲಿ ಅಲ್ಲ. ಸಾರು ಬಕೆಟ್ಟಿನಲ್ಲಿದ್ದದ್ದರಿಂದ ಬಕೆಟ್ ತೊಳೆಯಬೇಕಾಯಿತು.

*

ಮೊದಲನೆಯ ದಿನ ನಾನು ಕಾಗದದ ದೋಣಿ ಮಾಡಿದೆ. ತೇಲಿಸಲು ನೀರಿಲ್ಲ; ಕಟ್ಟಡದಲ್ಲಿ ಬೆಳಿಗ್ಗೆ ಬಂದ ನೀರು ಅಕ್ಕ ಹೊರಡುವಷ್ಟರಲ್ಲಿ ನಿಂತಿತ್ತು. ದೋಣಿಯನ್ನು ನೆಲದ ಮೇಲೆ ತಳ್ಳಿದೆ. ಚಿನ್ನು ಮರ್ಯಾದೆಗೆಂದು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೇರಂ ಹಾಕಿದೆವು. ಸ್ಟ್ರೈಕರನ್ನು ನಾನು ಹೊಡೆದ ರಭಸಕ್ಕೆ ಅದು ಮನೆಯ ಮುಂದಿನ ಗ್ಯಾಲರಿಯಿಂದ ಹಾರಿ ರಸ್ತೆಗೆ ಬಿತ್ತು. ಹುಡುಕಿದೆ, ಸಿಗಲಿಲ್ಲ. ಕಥೆ ಹೇಳಿದೆ. ಕಥೆಯ ರಾಜ ಕಾಡಿಗೆ ಹೋದ. ಅವನನ್ನು ಹೊರಗೆ ತರುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಅವನು ಈಗಲೂ ಅಲ್ಲೇ ಇದ್ದಾನೆ.

ಶ್ರಾವ್ಯಾ ಇದೆಲ್ಲದರ ನಡುವೆ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದಳು.

“ಶ್ರಾವ್ಯಾ ಪುಟ್ಟಿ, ನೀನೂ ಆಡಲಿಕ್ಕೆ ಬಾ” ಎಂದೆ.

ಪುಸ್ತಕದ ಹಿಂದಿನಿಂದ ಉತ್ತರ ಬಂತು, “ಚಿನ್ನು, ಮಮ್ಮೀ ಕೆ ಭಾಯಿ ಕೋ ಬೋಲ್, ಮುಝೆ ನಹೀ ಖೇಲನಾ.”

ಪಕ್ಕದಲ್ಲೇ ಕೂತಿದ್ದ ನನಗೆ ಚಿನ್ನು ವಿಧಿವತ್ತಾಗಿ ತಿಳಿಸಿದ, “ಮಾಮ, ದೀದಿ ಆಡೂದಿಲ್ಲ ಅಂತೆ.”

ಮರುದಿನ ಸಂಜೆ ಬಿಸಿಲು ಇಳಿದ ಮೇಲೆ ಟೆರೇಸಿಗೆ ಕರೆದುಕೊಂಡು ಹೋದೆ. ಅಲ್ಲಿ ಮೇಲಿನ ಮಾಳಿಗೆಯ ಜೋಶಿ ಕಾಕು ಒಣಗಿದ ಕುರಡಯ್ಯಾ ಎತ್ತಿಡುತ್ತಿದ್ದರು. ನಮ್ಮ ಸಂಡಿಗೆಯ ಮರಾಠಿ ದಾಯಾದಿ ಅದು. ಶ್ರಾವ್ಯಾ ಅವರ ಪಕ್ಕದಲ್ಲಿ ಕೂತು ಒಂದೊಂದನ್ನೇ ಎತ್ತಿಕೊಡಲು ಶುರುಮಾಡಿದಳು. ವರ್ಷದ ನಂತರ ಆ ಮುಖದಲ್ಲಿ ಬೆಳಕು ಕಂಡೆ. ಆಮೇಲೆ ಅವಳು ಮೆಲ್ಲನೆ ತಮ್ಮನಿಗೆ ಹೇಳಿದಳು, “ಪೂಛ್, ಅಜ್ಜೀವಾಲೀ ಸಂಡಿಗೆ ಬನಾನಾ ಆತಾ ಹೈ ಕ್ಯಾ ಉನಕೋ?”

ಅಜ್ಜಿಯ ಸಂಡಿಗೆ ಮಾಡಲು ಬರುತ್ತದೆಯೇ ಎಂದು ಕೇಳಿದ್ದಳು. ‘ಉನಕೋ’ ಎಂದು ಬಹುವಚನದಲ್ಲಿ! ನನಗೆ ಟೆರೇಸಿನ ಮೇಲೆ ಎರಡು ಸುತ್ತು ಓಡಬೇಕೆನಿಸಿತು.

“ಬರ್ತದಾ ಅಂತ ಕೇಳ್ತೀರಾ? ನನಗೆ?” ಎಂದೆ. ಖಂಡಿತ ಬರುತ್ತಿರಲಿಲ್ಲ. ಹೋಟೆಲಿನಲ್ಲಿ ಸಂಡಿಗೆಯನ್ನು ಕರಿದಿದ್ದೇನೆಯೇ ಹೊರತು ಹಾಕಿದವನಲ್ಲ. ಆದರೆ ಬೇಯಿಸುವುದು, ಉಪ್ಪು ಹಾಕುವುದು, ಒಣಗಿಸುವುದು. ಮೊದಲ ಎರಡು ನನ್ನ ಕೆಲಸ, ಮೂರನೆಯದು ಸೂರ್ಯನದು. ಇದರಲ್ಲಿ ತಪ್ಪುವುದಕ್ಕೆ ಜಾಗ ಎಲ್ಲಿದೆ?

ಅಕ್ಕನಿಗೆ ಫೋನು ಮಾಡಿದೆ. “ಸಬ್ಬಕ್ಕಿ ಸಂಡಿಗೆ ಮಾಡ್ತೇವೆ ಅಕ್ಕ. ಎಷ್ಟು ನೆನೆಹಾಕಲಿ?”

“ಅರ್ಧ ಕಿಲೋ ಸಾಕು ಮಾರಾಯ. ಮಕ್ಕಳ ಆಟಕ್ಕೆ ಅಲ್ವಾ?” ಎಂದಳು. ಹಿಂದೆ ಲೋಕಲಿನ ಸದ್ದು. “ಕೇಳ್ತಾ? ಅರ್ಧ ಕಿಲೋ!”

ಕೇಳಿತು. ಕಿವಿಗೆ ಕೇಳಿತು. ಆದರೆ ನನ್ನ ಕೈಗೆ ಕಿವಿ ಇಲ್ಲ. ಅದು ಬೆಳೆದದ್ದು ಹೋಟೆಲಿನಲ್ಲಿ. ಅಲ್ಲಿ ಅಳತೆಯೆಂದರೆ ಎಣ್ಣೆ ಬರುವ ದೊಡ್ಡ ತಗಡಿನ ಡಬ್ಬಾ. ಅರ್ಧ ಎಂದರೆ ಅರ್ಧ ಡಬ್ಬಾ. ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೋದ ಪೊಟ್ಟಣ ಕೈಗೆ ತೆಗೆದುಕೊಂಡೆ. ಎಷ್ಟು ಚಿಕ್ಕದು! ಒಂದು ಹಿಡಿ ಒಗ್ಗರಣೆಯ ಸಾಸಿವೆಯ ಹಾಗೆ ಕಂಡಿತು. ಒಬ್ಬ ಹುಡುಗಿಯ ಒಂದು ವರ್ಷದ ಮುನಿಸು ಇದರಿಂದ ಇಳಿಯುವುದು ಸಾಧ್ಯವೇ? ಇನ್ನೊಂದಿಷ್ಟು ಎಂದೆ. ಮತ್ತೊಂದಿಷ್ಟು ಎಂದೆ. ಅಂಗಡಿಯವನು ಕೊನೆಗೆ, “ಶೇಠ್, ಹೋಟೆಲ್ ಖೋಲಾ ಕ್ಯಾ?” ಎಂದು ಕೇಳಿದ.

ಅಕ್ಕನ ಮನೆಯ ದೊಡ್ಡ ಪಾತ್ರೆಯಲ್ಲಿ ಸುರಿದು, ನೀರು ಹಾಕಿ, ತಟ್ಟೆ ಮುಚ್ಚಿ, ಅಡುಗೆಕಟ್ಟೆಯ ಕೆಳಗೆ ತಳ್ಳಿದೆ. ಶ್ರಾವ್ಯಾ ಬಾಗಿಲಲ್ಲಿ ನಿಂತು ನೋಡಿ, ಇಷ್ಟೊಂದಾ ಎಂಬಂತೆ ಒಂದೇ ಮಾತು ಹೇಳಿದಳು, “ಇತ್ನಾ?”

ಬೆಳಿಗ್ಗೆ ನಾನಿನ್ನೂ ಡೊಂಬಿವಲಿಯಲ್ಲಿ ಚಹಾ ಕುಡಿಯುತ್ತಿದ್ದೆ. ಅಕ್ಕನ ಫೋನು ಬಂತು. “ಗಣಪಾ, ಅಡುಗೆಮನೆಯಲ್ಲಿ ಎಂತದ್ದೋ ಅದು? ತಟ್ಟೆ ಎದ್ದು ನಿಂತಿದೆ! ಕಾಲಿಟ್ಟಲ್ಲೆಲ್ಲ ಮುತ್ತು!”

“ನೀನು ಆಫೀಸಿಗೆ ಹೋಗು ಅಕ್ಕ. ಎಲ್ಲ ನನ್ನ ಹಿಡಿತದಲ್ಲಿ ಉಂಟು” ಎಂದೆ.

ವಿನೋದಾ ನನ್ನನ್ನೇ ನೋಡುತ್ತಿದ್ದಳು. “ಬಕೆಟ್ ತಕೊಂಡು ಹೋಗ್ತೀರಾ?” ಎಂದು ಕೇಳಿದಳು.

ಸ್ವಾಭಿಮಾನಿಯಾದ ನಾನು ಬೇಡ ಎಂದೆ. ಅಲ್ಲಿ ಹೋದ ಮೇಲೆ ಬೇಕಾಯಿತು.

ಸಬ್ಬಕ್ಕಿಯ ಸ್ವಭಾವದ ಬಗ್ಗೆ ತಿಳಿಯದವರಿಗಾಗಿ ಎರಡು ಮಾತು. ಅದು ನೆನೆದರೆ ಉಬ್ಬುತ್ತದೆ. ಬೆಂದರೆ ಇನ್ನಷ್ಟು ಉಬ್ಬುತ್ತದೆ. ಕಲಕುವವನು ಎಷ್ಟು ಕುಗ್ಗುತ್ತಾನೋ ಅದು ಅಷ್ಟು ಹಿಗ್ಗುತ್ತದೆ. ಮೊದಲು ಅಕ್ಕನ ಪಾತ್ರೆಗಳು ತುಂಬಿದವು. ಕುಕ್ಕರ್ ತುಂಬಿತು. ಚಹಾ ಕಾಯಿಸುವ ಪಾತ್ರೆ ತುಂಬಿತು. ಒಲೆಯ ಮೇಲೆ ಇನ್ನೂ ಕುದಿಯುತ್ತಿತ್ತು!

“ಚಿನ್ನು, ಓಡು! ಅಕ್ಕಪಕ್ಕದ ಮನೆಯಿಂದ ಒಂದೆರಡು ಪಾತ್ರೆ ಕೇಳಿ ತಾ!”

ಚಿನ್ನು ಓಡಿದ. ರಜೆಯ ಮೊದಲ ವಾರ. ಕಟ್ಟಡದ ಮಕ್ಕಳೆಲ್ಲ ಊರಿಗೆ ಹೋಗುವ ಟಿಕೆಟ್ಟಿಗೆ ಕಾಯುತ್ತ, ಆಕಳಿಸುತ್ತ ಮನೆಯಲ್ಲಿದ್ದರು. ಸ್ವಲ್ಪ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಮದುವೆ ದಿಬ್ಬಣದ ಸದ್ದಾಯಿತು. ಬಾಗಿಲು ತೆರೆದರೆ ಒಂದು ಸೈನ್ಯ! ಒಬ್ಬನ ತಲೆಯ ಮೇಲೆ ಪಾತೇಲಿ, ಒಬ್ಬಳ ಕಂಕುಳಲ್ಲಿ ಕೊಡ, ಒಬ್ಬನ ಕೈಯಲ್ಲಿ ಮಗುವಿನ ಸ್ನಾನದ ಟಬ್ಬು. ಎಲ್ಲರ ಹಿಂದೆ ತನ್ನ ಗೊಂಬೆಯಾಟದ ಚಿಕ್ಕ ಬಟ್ಟಲು ಹಿಡಿದುಕೊಂಡು ಒಂದು ಪುಟಾಣಿ.

“ಅಂಕಲ್, ಯಹಾಂ ಸಂಡಿಗೆ ಕಾ ಕ್ಯಾಂಪ್ ಹೈ ನಾ?” ಎಂದಿತು ಅದು.

ಚಿನ್ನು ಹಾಗೆಂದು ಘೋಷಿಸಿಬಿಟ್ಟಿದ್ದ.

ಹಿಟ್ಟು ಗಾಜಿನಂತೆ ತಿಳಿಯಾಗಿ ಬೆಂದಿತ್ತು. ಹಸಿಮೆಣಸು, ಜೀರಿಗೆ, ಇಂಗು ಬಿತ್ತು. ಈಗ ಉಪ್ಪು. ಮಕ್ಕಳು ಸುತ್ತ ನಿಂತಿದ್ದರು. ನಾನು ಉಪ್ಪು ಹಾಕಿ, ಬೆರಳಿನಿಂದ ನೆಕ್ಕಿ, ಕಣ್ಣು ಮುಚ್ಚಿ, ಬಲ್ಲವನ ಹಾಗೆ ತಲೆಯಾಡಿಸಿದೆ. “ಉಪ್ಪು ಸಾಲದು.”

“ಚಿನ್ನು,” ಎಂದಳು ಶ್ರಾವ್ಯಾ, “ಉನಕೋ ಬೋಲ್, ಅಜ್ಜೀ ಬೋಲತೀ ಥೀ, ಸಂಡಿಗೆ ಮೇ ನಮಕ್ ಕಮ್ ಲಗನಾ ಚಾಹಿಯೇ.” ಸಂಡಿಗೆಗೆ ಉಪ್ಪು ಕಮ್ಮಿ ಅನಿಸಬೇಕು ಎಂಬುದು ಅಜ್ಜಿಯ ಮಾತಂತೆ.

“ನಿನ್ನ ದೀದಿಗೆ ಹೇಳು,” ಎಂದೆ ನಾನೂ ಚಿನ್ನುವಿಗೆ, “ಉಪ್ಪು ಹಾಕಿ ಹಾಕಿಯೇ ಈ ಕೈ ಇಷ್ಟು ಗಟ್ಟಿಯಾದದ್ದು. ಇಡೀ ಡೊಂಬಿವಲಿ ನನ್ನ ಉಪ್ಪು ತಿಂದಿದೆ. ಇವತ್ತಿನವರೆಗೆ ಒಬ್ಬರೂ ಸಾಲದು ಅಂದದ್ದಿಲ್ಲ.”

ಶ್ರಾವ್ಯಾ ಒಂದು ಬಟ್ಟಲು ತೆಗೆದುಕೊಂಡು, ಪಾತ್ರೆಯಿಂದ ಹಿಟ್ಟು ತುಂಬಿಕೊಂಡು ಸರಕ್ಕನೆ ಹೊರಟುಹೋದಳು. ಸಿಟ್ಟಿನಲ್ಲಿ ಹೋದಳು ಎಂದುಕೊಂಡೆ. ಹೋಗಲಿ, ಸಂಡಿಗೆ ಅರಳಿದಾಗ ಸಿಟ್ಟೂ ಕರಗುತ್ತದೆ! ಒಂದೊಂದು ಪಾತ್ರೆಗೂ ಮತ್ತೊಂದೊಂದು ಹಿಡಿ ಉಪ್ಪು ಹಾಕಿ, ರುಚಿ ನೋಡಿ, “ವಾಹ್” ಎಂದೆ. ಸೈನ್ಯವೂ “ವಾಹ್” ಎಂದಿತು.

*

ಟೆರೇಸಿನ ಬೀಗದ ಕೈ ಸೊಸಾಯಿಟಿಯ ಸೆಕ್ರೆಟರಿ ತಾವಡೆ ಕಾಕಾರ ಬಳಿ ಇರುತ್ತದೆ. ಮಕ್ಕಳು ಟೆರೇಸಿಗೆ ಹೋದರೆ ಕಟ್ಟಡ ಒಂದು ಅಂಗುಲ ಕುಸಿಯುತ್ತದೆ ಎಂದು ನಂಬಿದವರು ಅವರು. ತಲೆಗೆ ಆಗತಾನೆ ಕಪ್ಪು ಬಣ್ಣ ಹಚ್ಚಿಕೊಂಡು, ಕೆಳಗಿನ ಅಂಗಳದಲ್ಲಿ ಆರಾಮಕುರ್ಚಿ ಹಾಕಿ ಕೂತಿದ್ದರು. ನನ್ನ ಹಿಂದಿದ್ದ ಪಾತ್ರೆಗಳ ಸಾಲು ನೋಡಿ, “ಗಣಪತ್‌ರಾವ್, ಫಕ್ತ ಏಕ ತಾಸ ಹಾಂ!” ಎಂದು ಒಂದೇ ಗಂಟೆಯ ಗಡುವು ಕೊಟ್ಟು ಕೀಲಿ ಕೊಟ್ಟರು.

ಮೇಲೆ ಹೋದ ಮೇಲೆ ನೆನಪಾಯಿತು: ಇಷ್ಟು ಸಂಡಿಗೆ ಹಾಕುವುದು ಯಾವುದರ ಮೇಲೆ? ಸೈನ್ಯ ಮತ್ತೆ ಮನೆಮನೆಗೆ ಓಡಿತು. ಹಳೆಯ ಸೀರೆಗಳು ಬಂದವು. ಹಸಿರು, ನೇರಳೆ, ಹೂವಿನದು, ಚುಕ್ಕಿಯದು. ಟೆರೇಸು ತುಂಬ ಸೀರೆಗಳು ಹರಡಿದವು. ನಾನು ಹೋಟೆಲಿನ ಪದ್ಧತಿಯಂತೆ ಕೆಲಸ ಹಂಚಿದೆ. ಇಬ್ಬರು ಹಿಟ್ಟು ತರುವವರು, ನಾಲ್ವರು ಚಮಚದಿಂದ ಹಾಕುವವರು, ಉಳಿದವರು ಕಾಗೆ ಓಡಿಸುವ ಇಲಾಖೆ. ಆ ಇಲಾಖೆಯ ಮುಖ್ಯಸ್ಥ ಚಿನ್ನು. ಆಯುಧ ಅಕ್ಕನ ಕೊಡೆ.

ನಿಜ ಹೇಳುತ್ತೇನೆ, ಆ ಹೊತ್ತು ಚೆನ್ನಾಗಿತ್ತು. ಬಿಸಿಲು ಚುರುಗುಟ್ಟುತ್ತಿತ್ತು, ಆದರೂ ಯಾವ ಮಗುವೂ ಕೆಳಗೆ ಹೋಗುತ್ತೇನೆ ಎನ್ನಲಿಲ್ಲ. ಒಬ್ಬ ಸಂಡಿಗೆಯಲ್ಲಿ ಆನೆ ಬರೆದ. ಒಬ್ಬಳು ತನ್ನ ಹೆಸರು ಬರೆದಳು. ಕೆಳಗೆ ಕಲ್ಯಾಣದ ಕಡೆಯ ಲೋಕಲ್ ಹೋದಾಗಲೆಲ್ಲ ಎಲ್ಲರೂ ಚಮಚ ಬೀಸಿದರು. ಶ್ರಾವ್ಯಾ ಮಾತ್ರ ದೂರದ ಮೂಲೆಯಲ್ಲಿ, ನೀರಿನ ಟಾಕಿಯ ಆಚೆ, ಒಂದು ಮಾಸಿದ ಬಿಳಿ ನೂಲಿನ ಸೀರೆ ಹಾಸಿ ಒಬ್ಬಳೇ ತನ್ನ ಬಟ್ಟಲಿನ ಹಿಟ್ಟು ಹಾಕುತ್ತಿದ್ದಳು. ಆ ಸೀರೆಯ ನೀಲಿ ಅಂಚು ನೋಡಿ ಗುರುತು ಹತ್ತಿತು. ಅಮ್ಮನದು. ನಾನು ಅತ್ತ ಹೋಗಲಿಲ್ಲ. ನಿಂತಲ್ಲಿಂದಲೇ ಆ ಅಂಚನ್ನು ನೋಡುತ್ತಿದ್ದೆ.

ಹೀಗೆ ಅಂಚು ನೋಡುತ್ತ ನಿಂತವನು ಒಂದು ಚಿಕ್ಕ ಕೆಲಸ ಮರೆತೆ. ಸೀರೆಗಳ ಮೂಲೆಗೆ ಇಟ್ಟಿಗೆ ಇಡಬೇಕಾಗಿತ್ತು. ಎಲ್ಲಕ್ಕೂ ಇಟ್ಟಿದ್ದೆ, ನೇರಳೆ ಸೀರೆಯೊಂದನ್ನು ಬಿಟ್ಟು.

ಮಧ್ಯಾಹ್ನ ಖಾಡಿಯ ಕಡೆಯಿಂದ ಗಾಳಿ ಎದ್ದಿತು. ನೇರಳೆ ಸೀರೆಯೂ ಎದ್ದಿತು. ಮೈತುಂಬ ಅರೆ ಒಣಗಿದ ಸಂಡಿಗೆ ಹೊತ್ತುಕೊಂಡು, ಗಾಳಿಪಟದಂತೆ ಒಮ್ಮೆ ಗಿರಕಿ ಹೊಡೆದು, ಗೋಡೆ ದಾಟಿ ಕೆಳಗಿಳಿಯಿತು. ನಾವೆಲ್ಲ ಗೋಡೆಯಿಂದ ಬಗ್ಗಿ ನೋಡಿದೆವು. ಕೆಳಗೆ ಆರಾಮಕುರ್ಚಿಯಲ್ಲಿ ತಾವಡೆ ಕಾಕಾ ನಿದ್ದೆ ಹೋಗಿದ್ದರು.

ಇದ್ದದ್ದು ಅಷ್ಟು ದೊಡ್ಡ ಅಂಗಳ. ಸೀರೆ ಬೇರೆ ಎಲ್ಲಿಯೂ ಬೀಳಲಿಲ್ಲ!

ಕಾಕಾ ಮೇಲೆ ಬಂದಾಗ ಹೆಗಲ ಮೇಲೆ ನೇರಳೆ ಸೀರೆ, ಹೊಸದಾಗಿ ಕಪ್ಪಾದ ಕೂದಲಿನಲ್ಲಿ ಮಲ್ಲಿಗೆ ಮುಡಿದಂತೆ ಬಿಳಿಬಿಳಿ ಸಂಡಿಗೆ. “ಗಣಪತ್‌ರಾವ್! ಹೇ ಕಾಯ ಆಹೇ?”

“ಸಂಡಿಗೆ, ಕಾಕಾ.”

“ತೇ ಮಾಝ್ಯಾ ಡೋಕ್ಯಾವರ ಕಶಾಲಾ?”

ತನ್ನ ತಲೆಯ ಮೇಲೇಕೆ ಎಂಬ ಈ ನ್ಯಾಯವಾದ ಪ್ರಶ್ನೆಗೆ ನಾನು ಉತ್ತರ ಹುಡುಕುತ್ತಿದ್ದೆ. ಕೊಡೆ ಹಿಡಿದಿದ್ದ ಚಿನ್ನು ಗಂಭೀರವಾಗಿ ಹೇಳಿದ, “ವಾಳಾಯಲಾ!”

ಒಣಗಲಿಕ್ಕಂತೆ!

ಮಕ್ಕಳು ನಕ್ಕರು. ಎಲ್ಲರ ನಗೆಯ ನಡುವೆ ಟಾಕಿಯ ಹಿಂದಿನಿಂದ ಇನ್ನೊಂದು ನಗೆ ಕೇಳಿತು. ಶ್ರಾವ್ಯಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನಿರುವ ಕಡೆ ಅವಳು ನಕ್ಕು ಒಂದು ವರ್ಷವಾಗಿತ್ತು. ಕಾಕಾರ ಬೈಗುಳ ಮುಂದೆ ಎಷ್ಟು ಹೊತ್ತು ನಡೆಯಿತೋ ನನಗೆ ತಿಳಿಯದು. ನಾನು ಆ ನಗೆಯನ್ನೇ ಕೇಳುತ್ತಿದ್ದೆ.

ಸಂಜೆ ಪಾತ್ರೆ ತೊಳೆದು ಹಿಂತಿರುಗಿಸುವ ಕಾರ್ಯಕ್ರಮ. ಯಾವುದು ಯಾರದು? ಮಕ್ಕಳಿಗೆ ಮರೆತುಹೋಗಿತ್ತು. ಆಗ ನನಗೆ ಮಹಾ ಉಪಾಯ ಹೊಳೆಯಿತು. ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೆತ್ತಿಸಿರುತ್ತಾರಲ್ಲ! ಏಳನೆಯ ತರಗತಿಯ ಓದನ್ನೂ ಹೋಟೆಲಿನಲ್ಲಿ ಕಲಿತ ಮರಾಠಿಯನ್ನೂ ಒಟ್ಟುಗೂಡಿಸಿ ಅಕ್ಷರ ಅಕ್ಷರ ಓದಿದೆ. ಒಂದು ಹೊಳೆಯುವ ಪಾತೇಲಿಯ ಮೇಲೆ ಜೋಶಿ ಎಂದಿತ್ತು. ಹೆಮ್ಮೆಯಿಂದ ಜೋಶಿ ಕಾಕುವಿಗೆ ಕೊಟ್ಟೆ.

ಕೆತ್ತಿದ ಹೆಸರು ಪಾತ್ರೆಯ ಒಡೆಯರದ್ದಲ್ಲ, ಉಡುಗೊರೆ ಕೊಟ್ಟವರದ್ದು ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

“ಅಗಬಾಈ!” ಎಂದರು ಕಾಕು. “ಇದು ನಾನು ತಾವಡೆಯವರ ವಾಸ್ತುಶಾಂತಿಗೆ ಕೊಟ್ಟದ್ದು. ನಿಮ್ಮ ಹತ್ತಿರ ಹೇಗೆ ಬಂತು?”

ಅದನ್ನು ತಲೆಯ ಮೇಲೆ ಹೊತ್ತು ತಂದ ಹುಡುಗ ಆಗ ನೆನಪಾದ. “ಎರಡನೆಯ ಮಾಳಿಗೆಯ ಶಿಂದೆಯವರ ಮನೆಯಿಂದ ಬಂತು” ಎಂದೆ, ಸತ್ಯಕ್ಕೆ ಸಾವಿಲ್ಲವೆಂದು ನಂಬಿ.

ಸತ್ಯಕ್ಕೆ ಸಾವಿಲ್ಲ. ಹೇಳಿದವನಿಗೆ ಇರುತ್ತದೆ. ತಾವಡೆಯವರು ಆ ಪಾತೇಲಿಯನ್ನು ಹಾಗೆಯೇ ಶಿಂದೆಯವರ ಮಗಳ ಮದುವೆಗೆ ದಾಟಿಸಿದ್ದರಂತೆ! ಅಕ್ಕ ಠಾಣೆಯಿಂದ ದಣಿದು ಬಂದಾಗ ಮೂರು ಮನೆಯ ಹೆಂಗಸರು ಮೆಟ್ಟಿಲ ಮೇಲೆ ಒಂದು ಪಾತೇಲಿಯನ್ನು ನಡುವೆ ಇಟ್ಟುಕೊಂಡು ನಿಂತಿದ್ದರು. ಅವರನ್ನು ದಾಟಿ, ನನ್ನನ್ನೂ ಒಳಗಿನ ಬಕೆಟ್ಟುಗಳನ್ನೂ ನೋಡಿದಳು.

“ಗಣಪಾ. ನಾನು ಅರ್ಧ ಕಿಲೋ ಹೇಳಿದ್ದು.”

“ಅರ್ಧವೇ ಅಕ್ಕ” ಎಂದೆ. “ಹೋಟೆಲಿನ ಅರ್ಧ.”

ಅಕ್ಕ ಚಪ್ಪಲಿ ಬಿಡುತ್ತ ಬಿಡುತ್ತ ಅಲ್ಲೇ ಗೋಡೆಗೊರಗಿ ಕೂತಳು. ಅಳುತ್ತಾಳೆ ಎಂದು ಹೆದರಿದೆ. ನಗುತ್ತಿದ್ದಳು.

*

ಸಂಡಿಗೆ ಒಣಗಿತು. ಸೀರೆಗಳನ್ನು ಮಗುಚಿ, ಬೆನ್ನಿಗೆ ನೀರು ಚಿಮುಕಿಸಿ, ಮಕ್ಕಳೇ ಒಂದೊಂದಾಗಿ ಬಿಡಿಸಿದರು. ಶನಿವಾರ ಸಂಜೆ ಉದ್ಘಾಟನೆ. ಅಕ್ಕನ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಮಕ್ಕಳೆಲ್ಲ, ಅವರ ಹಿಂದೆ ತಾಯಂದಿರು. ವಿನೋದಾ ಡೊಂಬಿವಲಿಯಿಂದ ಬಂದಿದ್ದಳು. ಪಾತೇಲಿಯ ಪ್ರಕರಣ ರಾಜಿಯಾಗಿ ಮೂರು ಮನೆಯವರೂ ಬಂದಿದ್ದರು. ಇನ್ನೂ ಅಲ್ಲಲ್ಲಿ ಬಿಳಿ ಚುಕ್ಕಿಯಿದ್ದ ತಲೆಯೊಂದಿಗೆ ತಾವಡೆ ಕಾಕಾ ಕೂಡ.

ಅಕ್ಕ ಎಣ್ಣೆಗೆ ಬಿಟ್ಟಳು. ಸಂಡಿಗೆ ಒಮ್ಮೆ ಮುಳುಗಿ, ಬಿಳಿ ಹೂವಾಗಿ ಅರಳಿ ಮೇಲೆ ಬಂತು. “ಆಹಾ!” ಎಂದಿತು ಸಭೆ. ನಾನು ಎರಡು ಮಾತಾಡಲು ಎದ್ದು ನಿಂತೆ. “ಅನುಭವ ಎಂಬುದು...” ಎಂದು ಶುರುಮಾಡುವಷ್ಟರಲ್ಲಿ ಎಲ್ಲರೂ ಕಡಿದರು. ಕರುಂ ಎಂಬ ಸದ್ದು.

ಅಷ್ಟೇ.

ಯಾರೂ ಅಗಿಯಲಿಲ್ಲ. ಯಾರೂ ನುಂಗಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ತಾವಡೆ ಕಾಕಾ ಕೈಯೆತ್ತಿ “ಪಾಣೀ!” ಎಂದು ಕೂಗಿ ನಲ್ಲಿಯ ಕಡೆ ಓಡಿದರು. ನಲ್ಲಿಯಲ್ಲಿ ನೀರು ಬೆಳಿಗ್ಗೆಯೇ ನಿಂತಿತ್ತು.

“ಮಾಮ,” ಎಂದು ಚಿನ್ನು ಸಾವಧಾನವಾಗಿ ಕೇಳಿದ, “ಇದು ಸಮುದ್ರದಿಂದ ಮಾಡಿದ್ದಾ?”

ಹಸಿ ಹಿಟ್ಟಿನಲ್ಲಿ ಸರಿಯಾಗಿದ್ದ ಉಪ್ಪು, ಒಣಗಿದ ಮೇಲೆ ಹೇಗೆ ಸರಿಯಾಗಿರಲು ಸಾಧ್ಯ? ನೀರು ಆರಿಹೋಗುತ್ತದೆ. ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಸೌಟು ಹಿಡಿದ ನನಗೆ ಇದು ತಿಳಿದಿರಲಿಲ್ಲ. ಅಜ್ಜಿಯ ಸೆರಗು ಹಿಡಿದು ಕೂರುತ್ತಿದ್ದ ಹುಡುಗಿಗೆ ತಿಳಿದಿತ್ತು.

ನಾನು ತಲೆತಗ್ಗಿಸಿ ನಿಂತೆ. ಮತ್ತೆ ಅದೇ ಆಯಿತಲ್ಲ! ಮತ್ತೆ ಮಕ್ಕಳಿಗೆ ಆಸೆ ಹುಟ್ಟಿಸಿದೆ, ಮತ್ತೆ ಕೆಡಿಸಿದೆ. ಶ್ರಾವ್ಯಾ ಎದ್ದು ಒಳಗೆ ಹೋದಳು. ಹೋಗುವುದೇ ನ್ಯಾಯ ಎಂದುಕೊಂಡೆ.

ಅವಳು ಹೊರಗೆ ಬಂದಾಗ ಕೈಯಲ್ಲಿ ಒಂದು ಚಿಕ್ಕ ಗಂಟಿತ್ತು: ನನ್ನ ಎರಡನೆಯ ಹಿಡಿ ಉಪ್ಪು ಬೀಳುವ ಮೊದಲೇ ಅವಳು ಬಟ್ಟಲಿಗೆ ತುಂಬಿಕೊಂಡಿದ್ದ ಹಿಟ್ಟಿನ ಸಂಡಿಗೆ. ಬಿಚ್ಚಿ ತನ್ನ ಅಮ್ಮನಿಗೆ ಕೊಟ್ಟಳು. ಅಕ್ಕ ಅವನ್ನು ಕರಿದಳು. ಅಷ್ಟು ಜನರಿಗೆ ಒಂದೊಂದು ಚೂರು ಬರುವಷ್ಟೇ ಇತ್ತು. ಜೋಶಿ ಕಾಕು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. “ಆಜೀಂಚೀ ಚವ” ಎಂದರು. ಅಜ್ಜಿಯ ರುಚಿ.

ಶ್ರಾವ್ಯಾ ಒಂದು ಇಡೀ ಸಂಡಿಗೆಯನ್ನು ಉಳಿಸಿಕೊಂಡು ನನ್ನೆದುರು ಬಂದು ನಿಂತಳು. ನಡುವೆ ಚಿನ್ನು ಇರಲಿಲ್ಲ.

“ತಿನ್ನು” ಎಂದಳು. ಕನ್ನಡದಲ್ಲಿ! “ಇದಕ್ಕೆ ಉಪ್ಪು ಸಮ ಉಂಟು.”

ತಿಂದೆ. ಬಾಯಲ್ಲಿ ಅಮ್ಮ ಬಂದು ಹೋದಳು.

“ನಾಳೆ ಭಾನುವಾರ” ಎಂದಳು. “ನಾವು ಬೆಳಿಗ್ಗೆ ಬ್ರಿಜ್ ಹತ್ತಿರ ಬರ್ತೇವೆ. ಖಾಡಿಗೆ ಹೋಗೋದಾದ್ರೆ ಬಾ. ಇಲ್ಲಾಂದ್ರೆ ಈಗಲೇ ಹೇಳು.”

“ಬರ್ತೇನೆ” ಎಂದೆ. ಇನ್ನೊಂದು ಮಾತು ಸೇರಿಸಲಿಲ್ಲ. ನನ್ನ ಮಾತಿಗೂ ಉಪ್ಪು ಹೆಚ್ಚಾಗುವ ಅಭ್ಯಾಸವಿದೆ.

ಉಳಿದ ಸಂಡಿಗೆಯನ್ನು ಗೋಣಿಯಲ್ಲಿ ತುಂಬಿ ನಾವು ಡೊಂಬಿವಲಿಗೆ ಹೊತ್ತುಕೊಂಡು ಹೋದೆವು. ವಿನೋದಾ ದಾರಿಯುದ್ದಕ್ಕೂ ಒಂದೇ ಮಾತಾಡಿದಳು, “ಇನ್ನು ಮಳೆಗಾಲ ಮುಗಿಯೋವರೆಗೆ ನಮ್ಮನೆ ಸಾರಿಗೆ ಉಪ್ಪು ಬೇಡ. ಎರಡು ಸಂಡಿಗೆ ಮುರಿದು ಹಾಕಿದರೆ ಆಯ್ತು.” ತಮಾಷೆ ಎಂದುಕೊಂಡಿದ್ದೆ. ಅವಳು ಹಾಗೆಯೇ ಮಾಡಿದಳು!

ಭಾನುವಾರ ತಡವಾಗಬಾರದೆಂದು ನಾನು ಹಾಲಿನವನಿಗಿಂತ ಮೊದಲೇ ಠಾಕುರ್ಲಿ ತಲುಪಿದೆ. ಬ್ರಿಜ್ಜಿನ ಬುಡದ ಬೆಂಚಿನ ಮೇಲೆ ಕೂತೆ. ಈ ಸಲ ಕಾಯುವವನು ನಾನು! ಟೊಪ್ಪಿ ಹಾಕಿಕೊಂಡು, ನೀರಿನ ಬಾಟಲಿ ಕುತ್ತಿಗೆಗೆ ನೇತುಹಾಕಿಕೊಂಡು, ಏಡಿ ಹಾಕಲು ಡಬ್ಬಿ ಹಿಡಿದುಕೊಂಡು, ಕಣ್ಣು ಮಿಟುಕಿಸದೆ ಅಕ್ಕನ ಕಟ್ಟಡದ ದಾರಿ ನೋಡುತ್ತಿದ್ದೆ. ತಂಪು ಗಾಳಿ ಬೀಸುತ್ತಿತ್ತು. ಲೋಕಲುಗಳು ಲಾಲಿ ಹಾಡಿದ ಹಾಗೆ ಹೋಗುತ್ತಿದ್ದವು.

ಎಚ್ಚರವಾದದ್ದು ಯಾರೋ ಮಾತಾಡುವ ಸದ್ದಿಗೆ. ಕಣ್ಣು ತೆರೆಯಲಿಲ್ಲ. ಮುಖದ ಮೇಲೆ ನೆರಳಿತ್ತು.

“ಕೌನ್ ಹೈ ಯೇ? ದಾರೂ ಪೀಯಾ ಹೈ ಕ್ಯಾ?” ಎಂದು ಒಬ್ಬ ಮುದುಕ ನನ್ನನ್ನು ಕುಡಿದು ಬಿದ್ದವನೆಂದುಕೊಂಡು ಕೇಳುತ್ತಿದ್ದ.

“ನಹೀ ಚಾಚಾ” ಎಂದಿತು ಶ್ರಾವ್ಯಾಳ ದನಿ, ತುಸು ಸಿಟ್ಟಿನಲ್ಲಿ. “ಮೇರೇ ಮಾಮ ಹೈ. ಥಕ್ ಗಯೇ ಹೈ.”

“ತೋ ಛಾತಾ ಕ್ಯೋಂ ಪಕಡಾ ಹೈ?”

“ಕೌವಾ ಆಯೇಗಾ ನಾ” ಎಂದ ಕಾಗೆ ಓಡಿಸುವ ಇಲಾಖೆಯ ಮುಖ್ಯಸ್ಥ ಚಿನ್ನು. ಮುಖದ ಮೇಲಿನ ಕೊಡೆಯ ನೆರಳು ತುಸು ಸರಿಯಿತು. ಆಮೇಲೆ ಅಕ್ಕನನ್ನು ಕೇಳಿದ, “ದೀದಿ, ಮಾಮನನ್ನು ಎಬ್ಬಿಸೋದಾ?”

“ಬೇಡ. ಮಾಮ ಇನ್ನೂ ಸ್ವಲ್ಪ ಒಣಗಲಿ.”

ಮೇರೇ ಮಾಮ. ಆ ಪದ ಇನ್ನೊಮ್ಮೆ ಕೇಳೀತೆಂದು ನಾನು ಕಣ್ಣು ಮುಚ್ಚಿಕೊಂಡೇ ಬಿದ್ದಿದ್ದೆ. ಕೆನ್ನೆಯ ಮೇಲೆ ಏನೋ ಇಳಿದು ತುಟಿಗೆ ಬಂತು. ಬೆವರೇ ಇರಬೇಕು.

ಅಲ್ಲೂ ಉಪ್ಪು ಜಾಸ್ತಿ!